ವಾಚಿನ ಕ್ಯಾಲರಿ, ತಟ್ಟೆಯ ದೋಸೆ

ಬೆಳಗಿನ ನಡಿಗೆಯ ಸದಸ್ಯರೇ, ವಾಚು 400 ಕ್ಯಾಲರಿ ತೋರಿಸಿತೆಂದು ನೇರ ದರ್ಶಿನಿಗೆ ನುಗ್ಗುವುದನ್ನು ನಿಲ್ಲಿಸೋಣ. (ನಾನೂ ಆ ಸಾಲಿನಲ್ಲಿ ನಿಂತವನೇ.) 70 ಕಿಲೋ ತೂಕದವರು 50 ನಿಮಿಷ ಬಿರುಸಾಗಿ ನಡೆದರೆ ಕರಗುವುದು ಹೆಚ್ಚುಕಡಿಮೆ 250, ಅದರಲ್ಲಿ ಸುಮಾರು 60 ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು. ಉಳಿದದ್ದನ್ನು ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆ ಆರಾಮಾಗಿ ನುಂಗಿಹಾಕುತ್ತದೆ. ಊಟದ ಕ್ಯಾಲರಿ ಲೆಕ್ಕವಿಡುವ ಆ್ಯಪ್‌ನಲ್ಲಿ ದಿನದ ಮಿತಿ ಲೆಕ್ಕ ಹಾಕುವಾಗಲೇ ‘ನಿತ್ಯ ವ್ಯಾಯಾಮ’ ಎಂದು ನಮೂದಿಸಿದ್ದರೆ ನಡಿಗೆ ಅದರಲ್ಲಿ ಸೇರಿಯೇ ಇದೆ, ವಾಚಿನ ಅಂಕಿಯನ್ನು ಮತ್ತೆ ಕೂಡಿಸಬೇಡಿ.

ಭಾನುವಾರ ನಂದಿ ಬೆಟ್ಟ ಹತ್ತುವವರ ಮಾತು ಬೇರೆ. ವಾಚಿನ ಅಂಕಿಯ ಅರ್ಧದಷ್ಟನ್ನು ಧಾರಾಳವಾಗಿ ತಿನ್ನಿ: ಮೊಸರನ್ನ, ಬಾಳೆಹಣ್ಣು, ಬೇಯಿಸಿದ ಕಡಲೆ. ತಲೆ ಸುತ್ತುವಷ್ಟು ಹಸಿದಿರುವುದು ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು.