ಶ್ರುತಿ ಒಂದು ಮನೆ ಇಳಿಸು

ದಾವಣಗೆರೆ

ಪ್ರೀತಿಯ ಮಗಳೇ,

ಸಾಣೇಹಳ್ಳಿಯಿಂದ ನೀನು ಬರೆದ ಕಾಗದ ಬಂತು. ತಾಲೀಮು, ಹೊಸ ಪಾರ್ಟು ಎಲ್ಲ ಓದಿ ಖುಷಿಪಟ್ಟೆ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಮೇಲಿನ ಸ್ವರ ಒಡೀತಿದೆ ದೊಡ್ಡಮ್ಮ, ದನಿ ಹೋದ್ರೆ ಏನ್ಮಾಡ್ಲಿ" ಅಂತ. ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ.

ಬೆಳಿಗ್ಗೆ ಎದ್ದಾಗಲೂ ಒಡೆಯುತ್ತದಾ? ಇಲ್ಲ, ತಾಲೀಮು ಮುಗಿದ ಮೇಲೆ ಮಾತ್ರವಾ? ಅದನ್ನು ನೀನು ಬರೆದಿಲ್ಲ.

ರಂಗನಟಿ ಚಿಂದೋಡಿ ಲೀಲಾ ಅವರನ್ನು ನೋಡಿ ನಾಟಕದ ಹುಚ್ಚು ಹತ್ತಿಸಿಕೊಂಡವಳು ನಾನು. ನಮ್ಮ ಕಾಲಕ್ಕೆ ಗಂಟಲು ಕೂತರೆ ಕಾಳುಮೆಣಸು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಸ್ಟೇಜಿಗೆ ನಡಿ ಅನ್ನುತ್ತಿದ್ದರು. ದುಗ್ಗಮ್ಮನ ಜಾತ್ರೆಯಲ್ಲಂತೂ ದಿನಕ್ಕೆ ಎರಡು ಮೂರು ಆಟ. ಹೊರಗೆ ಜಾತ್ರೆಯ ಗದ್ದಲ, ಒಳಗೆ ಕೊನೇ ಸಾಲಿಗೂ ಕೇಳಿಸಲೇಬೇಕು. ಅಂಥದ್ದೇ ಒಂದು ರಾತ್ರಿ ವಸ್ತ್ರಾಪಹರಣದ ಸೀನಿನಲ್ಲಿ "ಕೃಷ್ಣಾ" ಅಂತ ಮೇಲಕ್ಕೆ ಎತ್ತಿದೆ. ಬಂದದ್ದು ಬರೀ ಗಾಳಿ. ಹಾರ್ಮೋನಿಯಂ ಮೇಷ್ಟ್ರು ಅದೇ ಸ್ವರ ಒತ್ತಿ ಹಿಡಿದು ನನ್ನ ಮುಖ ನೋಡುತ್ತಾ ಕಾದರು. ಮುಂದಿನ ಕ್ಯಾಂಪಿಗೆ ದ್ರೌಪದಿ ಪಾರ್ಟು ಬೇರೆಯವಳಿಗೆ ಹೋಯಿತು.

ಆಮೇಲೆ ಗಾಂಧಾರಿ ಮಾಡಿದೆ. ಹಾಡು ಕಮ್ಮಿ, ಮಾತು ಜಾಸ್ತಿ. ಕಣ್ಣಿಗೆ ಬಟ್ಟೆ ಕಟ್ಟಿರುತ್ತದೆ, ಉಳಿದದ್ದು ಕತ್ತು, ಕೈ, ತಗ್ಗಿದ ದನಿ ಅಷ್ಟೇ. ನೂರು ಮಕ್ಕಳನ್ನು ಕಳೆದುಕೊಂಡವಳು ಕಿರುಚುವುದಿಲ್ಲ ಅಂತ ಆಗ ಗೊತ್ತಾಯಿತು. ಜನ ಅಲುಗಾಡದೆ ಕೇಳುತ್ತಿದ್ದರು. ಆದರೂ ದ್ರೌಪದಿ ಹೋದ ನೋವು ಇನ್ನೂ ಇದೆ. ಒಬ್ಬರಾದರೂ "ಸ್ವಲ್ಪ ದಿನ ಬಾಯಿಗೆ ಬಿಡುವು ಕೊಡು" ಅಂದಿದ್ದರೆ ಆ ದನಿ ಉಳಿಯುತ್ತಿತ್ತೇನೋ.

ಅದಕ್ಕೇ ಮತ್ತೆ ಕೇಳುತ್ತೇನೆ, ಎಷ್ಟು ದಿನದಿಂದ ಹೀಗಿದೆ? ದನಿ ಒಡಕು 3 ವಾರ ದಾಟಿದರೆ ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು. ಕಿರುಚಿ ಕಿರುಚಿ ಒಳಗೆ ಕೈ ಜಡ್ಡುಗಟ್ಟಿದ ಹಾಗೆ ಸಣ್ಣ ಗಂಟು ಏಳುತ್ತವೆ. ಬೇಗ ನೋಡಿಕೊಂಡರೆ ಎಷ್ಟೋ ಸಲ ಆಪರೇಷನ್ ಇಲ್ಲದೆ ಹೋಗುತ್ತವೆ. ನೀರು ಕುಡಿಯುತ್ತಿರು. ಪಿಸುಮಾತಾಡಿದರೆ ಗಂಟಲಿಗೆ ಆರಾಮ ಅಂದುಕೊಳ್ಳಬೇಡ, ಅದರಿಂದಲೂ ದಣಿಯುತ್ತದೆ. ನಿಮ್ಮ ಮೇಷ್ಟ್ರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ನಾನು ಹೇಳುವುದು ಜಾಸ್ತಿ ಆಯಿತೇನೋ. ಶ್ರುತಿ ಒಂದು ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀ ಕೆಳಕ್ಕೆ, ಇಳಿಸಿ ಅಂತ ಅವರನ್ನು ಕೇಳು. ನಾಚಿಕೊಳ್ಳಬೇಡ.

ಶಿವಸಂಚಾರ ನಾಟಕ ತಂಡ ಹೊರಟರೆ ಊರಿಂದ ಊರಿಗೆ ತಿರುಗಾಟ, ಗಂಟಲಿಗೆ ಬಿಡುವೇ ಸಿಗುವುದಿಲ್ಲ. ಅದಕ್ಕೆ ಮುಂಚೆಯೇ ರಜೆ ಕೇಳಿ ಬಂದುಬಿಡು. ಡಾಕ್ಟರ ಹತ್ತಿರ ನಾನೂ ಬರುತ್ತೇನೆ. ಅಲ್ಲಿಯವರೆಗೆ ಫೋನ್ ಮಾಡಬೇಡ ಮಗಳೇ, ನಾನು ಕೇಳಿದ್ದಕ್ಕೆಲ್ಲ ಬರೆದೇ ಕಳಿಸು.

ನಿನ್ನ
ದೊಡ್ಡಮ್ಮ