ಅಪ್ಪ ಹೇಳಿದ ಆ ಒಂದು ಮಾತು

ಮಿನೆಸೋಟದ ನಮ್ಮ ಕನ್ನಡ ಕೂಟದ ಆತ್ಮೀಯರೇ,

ಎಲ್ಲರಿಗೂ 2024ರ, ಕ್ರೋಧಿ ಸಂವತ್ಸರದ ಯುಗಾದಿಯ ಶುಭಾಶಯಗಳು. ಈಗ ರಾತ್ರಿ ಹನ್ನೊಂದೂವರೆ. ಬೆಳಗಾಗುವುದರೊಳಗೆ ಸಂಚಿಕೆ ಪ್ರಿಂಟಿಗೆ ಹೋಗಬೇಕು, ಈ ಪುಟ ಮಾತ್ರ ಖಾಲಿ ಉಳಿದಿದೆ. ಚಳಿಗಾಲವೇ ಬರಲಿಲ್ಲ ಎಂದುಕೊಳ್ಳುತ್ತಿದ್ದಾಗ ಮಾರ್ಚ್ ಕೊನೆಗೆ ಹಿಮ ಸುರಿದದ್ದು, ಬೇವಿನ ಸೊಪ್ಪಿಗೆ ನಾವೆಲ್ಲ ಪರದಾಡುವುದು, ಇಂಥದ್ದೇನೋ ಅರ್ಧ ಪುಟ ಬರೆದೂ ಇದ್ದೆ. ಅದನ್ನು ಅಳಿಸಿದೆ. ಕಳೆದ ಭಾನುವಾರ ಮಗ ಕಾರಿನಲ್ಲಿ ಕೇಳಿದ ಒಂದು ಪ್ರಶ್ನೆ ಬೇರೇನನ್ನೂ ಬರೆಯಲು ಬಿಡುತ್ತಿಲ್ಲ.

ಅವನಿಗೆ ಹದಿನೈದು ತುಂಬಿ ಕಾರು ಕಲಿಯುವ ಪರ್ಮಿಟ್ ಸಿಕ್ಕಿದೆ. ವಾರಾಂತ್ಯಕ್ಕೆ ಶಾಲೆಯ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅಭ್ಯಾಸ. ಪಕ್ಕದ ಬೀದಿಯ ಅವನ ಗೆಳೆಯನೂ ಅಲ್ಲಿಗೇ ಬರುತ್ತಾನೆ. ಆ ಹುಡುಗನ ಮನೆಯವರು ಕಪ್ಪು ಅಮೆರಿಕನ್ನರು, ಅಪ್ಪ ಆಸ್ಪತ್ರೆಯಲ್ಲಿ ನರ್ಸ್. ಭಾನುವಾರ ವಾಪಸ್ ಬರುವಾಗ ಮಗ ಕನ್ನಡಿಗೆ ತೂಗುಬಿಟ್ಟಿರುವ ಆಂಜನೇಯನ ಲಾಕೆಟ್ಟನ್ನೇ ನೋಡುತ್ತಿದ್ದ. "ಅಮ್ಮ, ಅವನು ನಮ್ಮ ಕಾರು ಓಡಿಸಲ್ಲವಂತೆ. ಕನ್ನಡಿಗೆ ಏನಾದರೂ ತೂಗುಬಿಟ್ಟಿರೋ ಕಾರನ್ನ ಮುಟ್ಟಲೇಬಾರದು ಅಂತ ಅವರಪ್ಪ ಹೇಳಿದಾರಂತೆ. ಇದು ನಾನು ಹುಟ್ಟಿದಾಗಿಂದ ಇಲ್ಲೇ ಇದೆಯಲ್ಲ, ನಮ್ಮನ್ನ ಯಾಕೆ ಒಂದು ಸಲಾನೂ ನಿಲ್ಲಿಸಿಲ್ಲ?"

ನಮ್ಮಲ್ಲಿ ಯಾರ ಕಾರಿನಲ್ಲಿ ತೂಗುವುದಿಲ್ಲ ಹೇಳಿ. ಗಣಪತಿ, ರಾಯರು, ಮಕ್ಕಳು ಮಾಡಿದ ಮಣಿಸರ. ಚಾಲಕನಿಗೂ ಮುಂದಿನ ಗಾಜಿಗೂ ನಡುವೆ ಏನೂ ತೂಗಬಾರದೆಂದು 2021ರಲ್ಲಿ ಮಿನೆಸೋಟದ ಕಾನೂನು ಹೇಳುತ್ತಿತ್ತು. ನನಗಿದು ಗೊತ್ತಾದದ್ದು 2021ರ ಏಪ್ರಿಲ್ 11ರ ಭಾನುವಾರ, ಮಿನಿಯಾಪೊಲಿಸ್ ಪಕ್ಕದ ಬ್ರೂಕ್ಲಿನ್ ಸೆಂಟರಿನಲ್ಲಿ ಡಾಂಟೆ ರೈಟ್ ಎಂಬ ಇಪ್ಪತ್ತು ವರ್ಷದ ಕಪ್ಪು ಹುಡುಗ ಸತ್ತ ಮೇಲೆ. ಕಾರಿನ ನೋಂದಣಿಯ ಅವಧಿ ಮುಗಿದಿದೆ ಎಂದು ಪೊಲೀಸರು ಅವನನ್ನು ತಡೆದರು. ಕನ್ನಡಿಗೆ ತೂಗುಬಿಟ್ಟಿದ್ದ ಏರ್ ಫ್ರೆಶ್ನರ್‌ಗಾಗಿ ನಿಲ್ಲಿಸಿದ್ದಾರೆ ಎಂದು ಅವನು ತಾಯಿಗೆ ಫೋನ್ ಮಾಡಿ ಹೇಳಿದ್ದ. ವಾರಂಟ್ ಇದೆಯೆಂದು ಬಂಧಿಸಹೋದಾಗ ಅವನು ಮತ್ತೆ ಕಾರಿನೊಳಗೆ ನುಗ್ಗಿದ. ವಿದ್ಯುತ್ ಆಘಾತ ಕೊಡುವ ಟೇಸರ್ ಎಂದುಕೊಂಡು ಪಿಸ್ತೂಲು ಹಾರಿಸಿದೆ ಎಂದಳು ಅಧಿಕಾರಿ. ಮಿನಿಯಾಪೊಲಿಸ್ಸಿನಲ್ಲಿ ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಕೊಲೆಯ ವಿಚಾರಣೆ ನಡೆಯುತ್ತಿದ್ದ ದಿನಗಳವು. ಮಾರನೆಯ ಸಂಜೆ ಏಳಕ್ಕೇ ಕರ್ಫ್ಯೂ. ಅದರ ಮಾರನೆಯ ದಿನ ಯುಗಾದಿ. ಆ ಸಂಜೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದ ಮಾತು ನೆನಪಿದೆಯೇ? ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ, ಬೇವಿನ ಸೊಪ್ಪು ಯಾರ ಮನೆಯಲ್ಲಿ ಹೆಚ್ಚಿಗೆ ಇದೆ. ನಾನೂ ಅದನ್ನೇ ಕೇಳಿದ್ದೆ. ಸತ್ತ ಹುಡುಗನ ಹೆಸರನ್ನು ನಾವ್ಯಾರೂ ಬರೆದಿರಲಿಲ್ಲ.

ಮಗನ ಪ್ರಶ್ನೆಗೆ ಬರುತ್ತೇನೆ. ಕಾರು ಗ್ಯಾರೇಜಿಗೆ ಬಂದು ನಿಂತರೂ ನಾನು ಉತ್ತರ ಕೊಡಲಿಲ್ಲ. ಅವನೇ ಮತ್ತೆ ಕೇಳಿದ: "ತಾತ ಅವತ್ತು ಪೊಲೀಸರಿಗೆ ಹೇಳಿದ್ರಲ್ಲ, ಅದನ್ನ ಅವನ ತಾತ ಹೇಳೋಕಾಗುತ್ತಾ?"

ಆ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನಾನೇ ಪಾಟ್‌ಲಕ್‌ಗಳಲ್ಲಿ ಹೇಳಿದ್ದೇನೆ, ನೀವೆಲ್ಲ ನಕ್ಕಿದ್ದೀರಿ. ಇವತ್ತು ಅದನ್ನು ನಗು ಬಿಟ್ಟು ಹೇಳಬೇಕಾಗಿದೆ.

2015ರ ಮೇ ತಿಂಗಳು. ಅಪ್ಪ ಮೊದಲ ಸಲ ಇಲ್ಲಿಗೆ ಬಂದಿದ್ದರು. ತಿಪಟೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ನಿವೃತ್ತರಾದ ಮೇಲೂ ಬೆಳಗಿನ ಐದೂವರೆಗೆ ಕೆರೆ ಏರಿಯ ಮೇಲೆ ಒಂದು ಸುತ್ತು ತಪ್ಪಿಸಿದವರಲ್ಲ. ಬರುವಾಗ ದಾರಿಯ ಕಾಂಪೌಂಡುಗಳಿಂದಾಚೆ ಚಾಚಿಕೊಂಡ ದಾಸವಾಳ, ಕಣಗಿಲೆ ಪೂಜೆಗೆ ಸಾಕಾಗುವಷ್ಟು ಕಿತ್ತು ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳುವುದು. ಊರಿನಲ್ಲಿ ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇಲ್ಲಿಗೆ ಬಂದ ನಾಲ್ಕನೆಯ ದಿನ ಜೆಟ್‌ಲ್ಯಾಗಿನಲ್ಲಿ ನಾಲ್ಕಕ್ಕೇ ಎಚ್ಚರವಾಗಿ, ಕಾಫಿ ಕುಡಿದು, ಮಂಕಿ ಕ್ಯಾಪ್ ಹಾಕಿಕೊಂಡು, ಸ್ವೆಟರಿನ ಮೇಲೆ ನನ್ನ ಗಂಡನ ಹಳೆಯ ಜಾಕೆಟ್ ತೊಟ್ಟು ಹೊರಟರು. ಲೈಲಾಕ್ ಬಿಟ್ಟಿದ್ದ ಕಾಲ. ಮೂರು ಮನೆ ಆಚೆ ಬೇಲಿಯ ತುಂಬಾ ಆ ನೇರಳೆ ಗೊಂಚಲು, ಆ ಪರಿಮಳ. ಅಪ್ಪನ ಕೈ ತಾನಾಗಿ ಮೇಲೆ ಹೋಗಿದೆ.

ಯಾರೋ ಕಿಟಕಿಯಿಂದ ನೋಡಿ 911ಕ್ಕೆ ಫೋನ್ ಮಾಡಿದರು. ಟೋಪಿಯಲ್ಲಿ ಮುಖ ಮುಚ್ಚಿಕೊಂಡ ಕಪ್ಪು ಗಂಡಸೊಬ್ಬ ಮನೆಗಳ ಪಕ್ಕ ಸುಳಿದಾಡುತ್ತಿದ್ದಾನೆ ಎಂದು. ಆಮೇಲೆ ಪೊಲೀಸರೇ ನಮಗೆ ಹೇಳಿದ್ದಿದು. ಎರಡು ಕಾರು ಬಂದವು. ಒಬ್ಬ ಇಳಿದು ದೂರದಲ್ಲೇ ನಿಂತು ಕೈ ತೋರಿಸು ಎಂದು ಕೂಗಿದ. ಅಪ್ಪನ ಕೈಯಲ್ಲಿದ್ದ ಕವರ್ ಕೆಳಗೆ ಬಿತ್ತು. ಜೇಬಿನಲ್ಲಿ ನಾನೇ ಬಲವಂತ ಮಾಡಿ ಇಟ್ಟಿದ್ದ ಪಾಸ್‌ಪೋರ್ಟಿನ ಜೆರಾಕ್ಸ್ ಇತ್ತು. ಅದನ್ನು ತೆಗೆಯಲು ಕೈ ಹಾಕಲಿಲ್ಲ, ಅದು ನಮ್ಮ ಪುಣ್ಯ. ಎರಡೂ ಕೈ ಎತ್ತಿ, ತರಗತಿಯಲ್ಲಿ ಪಾಠ ಓದಿಸುವ ಧ್ವನಿಯಲ್ಲಿ ಹೇಳಿದರಂತೆ: "ಸರ್, ಐ ಆಮ್ ನಾಟ್ ಬ್ಲ್ಯಾಕ್. ಐ ಆಮ್ ಫ್ರಮ್ ಇಂಡಿಯಾ."

ಪೊಲೀಸಿನವನು ನಕ್ಕ. ಕಾರಿನಲ್ಲಿ ಕೂರಿಸಿಕೊಂಡು ಬಂದು ಮನೆ ಬಾಗಿಲಿಗೆ ಬಿಟ್ಟ. ಲೈಲಾಕ್ ಹೂವಿನ ಕವರನ್ನೂ ಎತ್ತಿ ಕೊಟ್ಟ. ಅಪ್ಪ ಒಳಗೆ ಬಂದವರೇ ಸೋಫಾದ ಮೇಲೆ ಕೂತು, ಕಾಲು ನಡುಗುವುದು ನಿಂತ ಮೇಲೆ, "ನಾನು ಅವರ ಪೈಕಿ ಅಲ್ಲ ಅಂದೆ ನೋಡು, ಬಿಟ್ಟುಬಿಟ್ಟ" ಎಂದು ನಕ್ಕರು. ನಾವೂ ನಕ್ಕೆವು. ಭಯ ಇಳಿದಾಗ ಬರುವ ನಗು ಅದು. ಆರು ವರ್ಷದ ಮಗ ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದ. ಅವನು ಏನು ಕಲಿತ ಎಂದು ನಾನು ಯೋಚಿಸಲೇ ಇಲ್ಲ.

ಜೆರಾಕ್ಸ್ ಇಡಿಸಿದ್ದಕ್ಕೆ ಕಾರಣವಿತ್ತು. ಅದೇ ವರ್ಷದ ಫೆಬ್ರವರಿ 6ರಂದು ಅಲಬಾಮಾದ ಮ್ಯಾಡಿಸನ್ನಿನಲ್ಲಿ ಸುರೇಶ್‌ಭಾಯ್ ಪಟೇಲ್ ಎಂಬ ಐವತ್ತೇಳು ವರ್ಷದ ಅಜ್ಜ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದವರು, ಮಗನ ಮನೆಯ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ನಡೆಯುತ್ತಿದ್ದರು. ಸಣಕಲು ಕಪ್ಪು ಮನುಷ್ಯನೊಬ್ಬ ಅಡ್ಡಾಡುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸ್ ಅಧಿಕಾರಿ ನೆಲಕ್ಕೆ ಅಪ್ಪಳಿಸಿದ. ಬೆನ್ನುಹುರಿಗೆ ಪೆಟ್ಟಾಗಿ ದೇಹ ಭಾಗಶಃ ಸ್ವಾಧೀನ ತಪ್ಪಿತು. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 2016ರ ಜನವರಿಯಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು. ಆ ಸುದ್ದಿ ನಮ್ಮನ್ನೆಲ್ಲ ಕುದಿಸಿತ್ತು. ಅಲಬಾಮಾದ ಗವರ್ನರ್ ನಮ್ಮ ಕಾನ್ಸುಲ್ ಜನರಲ್‌ಗೆ ಪತ್ರ ಬರೆದು ಕ್ಷಮೆ ಕೇಳಿದರು. ಆಗ ನಾವು ಹೇಳಿದ್ದೇನು? "ಪಾಪ, ತಪ್ಪು ತಿಳ್ಕೊಂಡುಬಿಟ್ರು." ಆ ಏಟು ಸರಿಯಾದ ಮನುಷ್ಯನಿಗೆ ಬಿದ್ದಿದ್ದರೆ ಪರವಾಗಿಲ್ಲ ಎಂಬ ಹಾಗೆ. ಯಾವ ಕಪ್ಪು ಅಜ್ಜನ ಪರವಾಗಿ ಯಾವ ಕಾನ್ಸುಲೇಟ್ ಪತ್ರ ಬರೆಯುತ್ತದೆ? ಅವನ ದೇಶ ಇದೇ.

ಇನ್ನೊಬ್ಬರ ಬಗ್ಗೆ ಬರೆಯದಿದ್ದರೆ ನನಗೆ ನಿದ್ದೆ ಬಾರದು. ಫಿಲಾಂಡೋ ಕ್ಯಾಸ್ಟೀಲ್. ಸೇಂಟ್ ಪಾಲಿನ ಮಾಂಟೆಸರಿ ಶಾಲೆಯೊಂದರ ಕ್ಯಾಂಟೀನಿನ ಮೇಲ್ವಿಚಾರಕ, ಕಪ್ಪು ಅಮೆರಿಕನ್, ಮೂವತ್ತೆರಡು ವರ್ಷ. ಮಕ್ಕಳ ಹೆಸರು, ಯಾವ ಮಗುವಿಗೆ ಯಾವ ತಿನಿಸು ಆಗುವುದಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ದುಡ್ಡಿಲ್ಲದ ಮಗುವಿನ ಊಟಕ್ಕೆ ತಮ್ಮ ಜೇಬಿನಿಂದ ಕೊಡುತ್ತಿದ್ದರು. ದಿನಾ ಮಕ್ಕಳಿಗೆ ಅನ್ನ ಬಡಿಸಿದ ಕೈ ಅದು. ಆ ಮನುಷ್ಯನನ್ನು ಮಿನಿಯಾಪೊಲಿಸ್-ಸೇಂಟ್ ಪಾಲ್ ಅವಳಿ ನಗರದ ಸುತ್ತಮುತ್ತ ಪೊಲೀಸರು ಕನಿಷ್ಠ 46 ಸಲ ತಡೆದು ನಿಲ್ಲಿಸಿದ್ದರು, ದಂಡವೇ 6,000 ಡಾಲರಿಗೂ ಮಿಕ್ಕಿತ್ತು. 2016ರ ಜುಲೈ 6ರ ರಾತ್ರಿ ಫಾಲ್ಕನ್ ಹೈಟ್ಸಿನ ಲಾರ್ಪೆಂಟರ್ ಅವೆನ್ಯೂನಲ್ಲಿ, ಬೇಸಿಗೆ ಕೊನೆಗೆ ನಾವೆಲ್ಲ ಸ್ಟೇಟ್ ಫೇರಿಗೆ ಹೋಗುತ್ತೇವಲ್ಲ ಅದರ ಹತ್ತಿರವೇ, ಕೊನೆಯ ಸಲ ನಿಲ್ಲಿಸಿದರು. ನಿಲ್ಲಿಸುವ ಮೊದಲು ಅಧಿಕಾರಿ ರೇಡಿಯೋದಲ್ಲಿ ಹೇಳಿದ್ದು: ದರೋಡೆ ಮಾಡಿದವನ ಹಾಗಿದ್ದಾನೆ, ಮೂಗು ಅಗಲ ಇದೆ. ನಾನು ಅಪ್ಪನ ಮೂಗನ್ನು ನೆನೆಸಿಕೊಂಡೆ. ಮಗನದೂ ಅದೇ ಮೂಗು.

ಕ್ಯಾಸ್ಟೀಲ್ ಸರ್ ಎಂದು ಕರೆದು, ತನ್ನ ಬಳಿ ಬಂದೂಕು ಇದೆಯೆಂದು ತಾನಾಗಿ ಹೇಳಿದರು. ಅದಕ್ಕೆ ಪರವಾನಗಿ ಇತ್ತು. ಏಳು ಗುಂಡು ಹಾರಿದವು. ಹಿಂದಿನ ಸೀಟಿನಲ್ಲಿ ಗೆಳತಿಯ ನಾಲ್ಕು ವರ್ಷದ ಮಗಳಿದ್ದಳು. ಅಳುತ್ತಿದ್ದ ತಾಯಿಗೆ ಆ ಮಗುವೇ, ನಾನು ನಿನ್ನ ಜೊತೆಗೇ ಇದ್ದೀನಿ, ಎಂದು ಸಮಾಧಾನ ಹೇಳಿತು. 2017ರ ಜೂನಿನಲ್ಲಿ ಅಧಿಕಾರಿ ನಿರ್ದೋಷಿ ಎಂದು ತೀರ್ಪಾಯಿತು. ಅವರ ಹೆಸರಿನಲ್ಲಿ ಜನ ಕೂಡಿಸಿದ ಹಣದಿಂದ ಮರುವರ್ಷ ಸೇಂಟ್ ಪಾಲಿನ ಎಲ್ಲ 56 ಸರ್ಕಾರಿ ಶಾಲೆಗಳ ಮಕ್ಕಳ ಊಟದ ಸಾಲ ತೀರಿತು.

ಈಗ ಹೇಳಿ, ಪಕ್ಕದ ಬೀದಿಯ ಆ ಹುಡುಗನ ಅಪ್ಪ ಮಗನಿಗೆ ಏನು ಕಲಿಸಬೇಕು? ನಾನು ನನ್ನ ಮಗನಿಗೆ ಪ್ಯಾರಲಲ್ ಪಾರ್ಕಿಂಗ್ ಕಲಿಸುತ್ತಿದ್ದೇನೆ. ಅವರು ಕಲಿಸುವುದು: ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವ ಹಾಗಿರಲಿ, ಒಳಗಿನ ದೀಪ ಹಾಕು, ಪರ್ಸು ಹಿಂದಿನ ಜೇಬಿನಲ್ಲಿಡಬೇಡ, ಕೈ ಅಲ್ಲಾಡಿಸುವ ಮೊದಲು ಹೇಳು, ಅವಮಾನವಾದರೂ ಎದುರಾಡಬೇಡ. ಅವರ ಮನೆಗಳಲ್ಲಿ ಗಂಡುಮಕ್ಕಳಿಗೆ ಮೀಸೆ ಮೂಡುವ ಹೊತ್ತಿಗೆ ಈ ಪಾಠ ಆಗುತ್ತದೆ. ಅವರಪ್ಪನಿಗೆ ಅವರ ಅಪ್ಪ ಹೇಳಿಕೊಟ್ಟಿದ್ದು, ಅವರಿಗೆ ಅವರಪ್ಪ.

"ಕೆಟ್ಟ ಪೊಲೀಸರು ಎಲ್ಲೋ ನಾಲ್ಕು ಜನ" ಎಂದು ನಮ್ಮಲ್ಲಿ ಹೇಳುವವರಿದ್ದಾರೆ. ಅಮೆರಿಕದ ನ್ಯಾಯಾಂಗ ಇಲಾಖೆ 2023ರ ಜೂನಿನಲ್ಲಿ ಮಿನಿಯಾಪೊಲಿಸ್ ಪೊಲೀಸರ ಬಗ್ಗೆ ಕೊಟ್ಟ ವರದಿಯನ್ನು ದಯವಿಟ್ಟು ಓದಿ. ಜನಸಂಖ್ಯೆಗೆ ಹೋಲಿಸಿದರೆ ಬಿಳಿಯರಿಗಿಂತ ಆರೂವರೆ ಪಟ್ಟು ಹೆಚ್ಚಾಗಿ ಕಪ್ಪು ಜನರನ್ನು ತಡೆಯುತ್ತಾರೆ ಎಂದಿದೆ ಅದು. ಪೊಲೀಸರಲ್ಲೇ ಮುಗಿಯುವುದೂ ಇಲ್ಲ. 1910ರಿಂದಾಚೆಗೆ ಮಿನಿಯಾಪೊಲಿಸ್ಸಿನ ಸಾವಿರಾರು ಮನೆಗಳ ಕ್ರಯಪತ್ರದಲ್ಲೇ, ಕಪ್ಪು ಜನಕ್ಕೆ ಮಾರಕೂಡದು ಎಂದು ಬರೆದಿದ್ದರು. ಇತ್ತ ಸೇಂಟ್ ಪಾಲ್ ಕಡೆಯವರು ಮೇಪಲ್ ಗ್ರೋವಿನ ದೇವಸ್ಥಾನಕ್ಕೆ ಹೋಗುವ 94ನೇ ಹೆದ್ದಾರಿ ಇದೆಯಲ್ಲ, ಅದು ರೊಂಡೊ ಎಂಬ ಕಪ್ಪು ಜನರ ಬಡಾವಣೆಯನ್ನು ನಡುವೆ ಸೀಳಿ ಹಾಕಿದ್ದು. ಮನೆ ಕಳೆದುಕೊಂಡ ಕುಟುಂಬಗಳು 600ಕ್ಕೂ ಹೆಚ್ಚು. ಅಭಿಷೇಕಕ್ಕೆ ಹಾಲು ತೊಡೆಯ ಮೇಲಿಟ್ಟುಕೊಂಡು ಅದೇ ರಸ್ತೆಯಲ್ಲಿ ಎಷ್ಟು ಸಲ ಹೋಗಿದ್ದೇನೆ! ಗೊತ್ತಿರಲಿಲ್ಲ, ಮಗ ಶಾಲೆಯಲ್ಲಿ ಕಲಿತು ಬಂದು ಹೇಳಿದ.

ನಾವು ಈ ದೇಶಕ್ಕೆ ಬಂದದ್ದಾದರೂ ಹೇಗೆ? 1946ರ ವಲಸೆ ಕಾಯ್ದೆ ಭಾರತಕ್ಕೆ ಕೊಟ್ಟಿದ್ದು ವರ್ಷಕ್ಕೆ ನೂರು ಜನರ ಕೋಟಾ. ಬಾಗಿಲು ತೆರೆದದ್ದು 1965ರ ಅಕ್ಟೋಬರಿನ ಹೊಸ ವಲಸೆ ಕಾಯ್ದೆ. ಅದೇ ವರ್ಷ ಮಾರ್ಚಿನಲ್ಲಿ ಅಲಬಾಮಾದ ಸೆಲ್ಮಾದ ಸೇತುವೆಯ ಮೇಲೆ ಮತದಾನದ ಹಕ್ಕಿಗಾಗಿ ನಡೆದ ಕಪ್ಪು ಜನ ಲಾಠಿ ಏಟು ತಿಂದಿದ್ದರು. ಅವರ ಹೋರಾಟ ಈ ದೇಶದ ಕಾನೂನಿನ ಮನಸ್ಸನ್ನು ಬದಲಿಸದಿದ್ದರೆ ನಮ್ಮ ಕೂಟವೂ ಇಲ್ಲ, ಈ ಪತ್ರಿಕೆಯೂ ಇಲ್ಲ. ಅವರ ಬೆನ್ನಿನ ಮೇಲೆ ಕಾಲಿಟ್ಟು ಒಳಗೆ ಬಂದ ನಾವು ಮಕ್ಕಳಿಗೆ "ಆ ಏರಿಯಾ ಸರಿ ಇಲ್ಲ", "ಕರಿಯರ ಸಹವಾಸ ಬೇಡ" ಎನ್ನುತ್ತೇವೆ. ಇಂಡಿಯನ್ ಎಂಬ ಮಾತೂ ಎಲ್ಲರನ್ನೂ ಕಾಯುವುದಿಲ್ಲ. ನಮ್ಮ ಯಲ್ಲಾಪುರದ, ಆಫ್ರಿಕಾ ಮೂಲದ ಸಿದ್ದಿ ಹುಡುಗನೊಬ್ಬ ನಾಳೆ ಲಾರ್ಪೆಂಟರ್ ಅವೆನ್ಯೂನಲ್ಲಿ ಕಾರು ಓಡಿಸಿದರೆ, ಐ ಆಮ್ ಫ್ರಮ್ ಇಂಡಿಯಾ ಅಂದರೆ ಯಾರು ನಂಬುತ್ತಾರೆ?

ಪುಟ ಮುಗಿಯುತ್ತಿದೆ, ಸೂಚನೆಗಳು: ಯುಗಾದಿ ಕಾರ್ಯಕ್ರಮ ಏಪ್ರಿಲ್ 13, ಶನಿವಾರ, ಬೆಳಿಗ್ಗೆ 10ಕ್ಕೆ, ಎಂದಿನ ಶಾಲೆಯ ಸಭಾಂಗಣದಲ್ಲಿ. ಪಂಚಾಂಗ ಶ್ರವಣ, ಮಕ್ಕಳ ನಾಟಕ, ಒಂದಕ್ಕೆ ಊಟ. ಹೋಳಿಗೆ ಎಷ್ಟು ಬೇಕೆಂದು ಬುಧವಾರದೊಳಗೆ ತಿಳಿಸಿ. ಸಂಕ್ರಾಂತಿಯಲ್ಲಿ ಒಯ್ದ ಕೂಟದ ಸ್ಟೀಲ್ ಪಾತ್ರೆಗಳನ್ನು ತೊಳೆದು ತನ್ನಿ, ದೊಡ್ಡ ಸಾರಿನ ಪಾತ್ರೆ ಇನ್ನೂ ಸಿಕ್ಕಿಲ್ಲ. ಕನ್ನಡ ಕಲಿ ತರಗತಿಗೆ ಅಂದು ರಜೆ. ಪರ್ಮಿಟ್ ವಯಸ್ಸಿನ ಮಕ್ಕಳಿಗಾಗಿ ಮೂರು ಗಂಟೆಗೆ ಮೇಲಿನ ಕೋಣೆಯಲ್ಲಿ ಆ ಹುಡುಗನ ಅಪ್ಪ ಅರ್ಧ ಗಂಟೆ ಮಾತಾಡುತ್ತಾರೆ. ಹಬ್ಬದ ದಿನ ಇಂಥದ್ದು ಬೇಡ ಎಂದು ಸಮಿತಿಯಲ್ಲಿ ಇಬ್ಬರು ಹೇಳಿದರು. ಆದರೆ ರಾತ್ರಿಪಾಳಿ ಮುಗಿಸಿ ಬರುವ ಅವರಿಗೆ ಬಿಡುವಿರುವುದು ಅವತ್ತೇ. ಮಕ್ಕಳನ್ನು ಕಳಿಸಿ, ನೀವೂ ಕೂತು ಕೇಳಿ.

ನನ್ನದೊಂದು ಕೋರಿಕೆಯೂ ಇದೆ. ನಾಲ್ಕು ವರ್ಷದಿಂದ ಈ ಪತ್ರಿಕೆಯ ಟೈಪಿಂಗು, ಕರಡು ತಿದ್ದುವುದು, ಪುಟ ಜೋಡಿಸುವುದು ಎಲ್ಲ ಒಬ್ಬಳೇ ಮಾಡುತ್ತಿದ್ದೇನೆ. ಇನ್ನು ಆಗುತ್ತಿಲ್ಲ. ನುಡಿ ತಂತ್ರಾಂಶ ಬಲ್ಲವರು ಒಬ್ಬರು, ಕರಡು ನೋಡುವವರು ಒಬ್ಬರು, ದಯವಿಟ್ಟು ಬನ್ನಿ.

ನಿನ್ನೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಮೊಮ್ಮಗ ಕೇಳಿದ್ದನ್ನು ಹೇಳಿದೆ. ಈಗವರಿಗೆ ಎಂಬತ್ತು. ಬಹಳ ಹೊತ್ತು ಏನೂ ಹೇಳಲಿಲ್ಲ, ಕಾಲ್ ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ, "ಆ ಹುಡುಗನ ತಾತ ಬೆಳಿಗ್ಗೆ ವಾಕಿಂಗಿಗೆ ಎಲ್ಲಿಗೆ ಹೋಗ್ತಾರೆ, ಕೇಳಿದೀಯಾ?" ಎಂದರು. ಒಂಬತ್ತು ವರ್ಷದ ನೆರೆಹೊರೆ, ನಾನು ಕೇಳಿರಲಿಲ್ಲ. ಇವತ್ತು ಸಂಜೆ ಕೇಳಿದೆ. ಚಳಿಗಾಲದಲ್ಲಿ ಎಲ್ಲರ ಹಾಗೆ ಮಾಲ್ ಒಳಗೆ ನಡೆಯುತ್ತಾರಂತೆ. ಬೇಸಿಗೆಯಲ್ಲೂ ಅಲ್ಲೇ.

ಶನಿವಾರ ಆ ಮನೆಯಿಂದ ಐದು ಜನ ಊಟಕ್ಕೆ ಬರುತ್ತಾರೆ, ತಾತನೂ ಸೇರಿ. ಬಡಿಸಲು ಇನ್ನೂ ಎಂಟು ಜನ ಬೇಕು, ಹೆಸರು ಕೊಡಿ.

ನಿಮ್ಮ,
ಸಂಪಾದಕಿ