ಕೈಬಿಟ್ಟ ಹಾಡುಗಳಿಗೆ ಮೂಲದ ವಿವರ ಇರಲಿ

ಮಾನ್ಯರೆ,

ಆ್ಯನಿಮೇಷನ್ ಚಿತ್ರಗಳ 'ಕಳೆದುಹೋದ ಹಾಡು ಸಿಕ್ಕಿತು' ಎಂಬ ಹೆಸರಿನಲ್ಲಿ ಎಷ್ಟೋ ಧ್ವನಿಫೈಲುಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿವೆ. ಇವುಗಳಲ್ಲಿ ಹಲವು ಎಂದೋ ಅಧಿಕೃತವಾಗಿ ಬಿಡುಗಡೆಯಾದವು, ಅದೂ ಇದಕ್ಕಿಂತ ಒಳ್ಳೆಯ ಧ್ವನಿಯಲ್ಲಿ.

'ದಿ ಜಂಗಲ್ ಬುಕ್' (1967) ಚಿತ್ರಕ್ಕೆ ಮೊದಲು ಹಾಡು ಕಟ್ಟಿದವರು ಟೆರಿ ಗಿಲ್ಕಿಸನ್. ಅವು ತೀರಾ ಗಂಭೀರವೆಂದು ವಾಲ್ಟ್ ಡಿಸ್ನಿ ಒಪ್ಪಲಿಲ್ಲ. 'ದಿ ಬೇರ್ ನೆಸೆಸಿಟೀಸ್' ಒಂದು ಉಳಿಯಿತು, ಮಿಕ್ಕವುಗಳ ಜಾಗಕ್ಕೆ ಗೀತರಚನೆಕಾರ ಜೋಡಿ ಶರ್ಮನ್ ಸಹೋದರರ ಹಾಡುಗಳು ಬಂದವು. ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು ಮಾತ್ರ ಗಿಲ್ಕಿಸನ್ ಅವರ ಆ ಒಂದು ಹಾಡೇ! ಬಿಟ್ಟ ಹಾಡುಗಳ ಡೆಮೊಗಳು (ಮಾದರಿಗಾಗಿ ಮಾಡಿದ ಧ್ವನಿಮುದ್ರಣಗಳು) 2007ರ ಡಿವಿಡಿಯಲ್ಲಿವೆ. 'ಅಲ್ಲಾದ್ದೀನ್' (1992) ಕಥೆಯಿಂದ ತಾಯಿಯ ಪಾತ್ರ ಹೊರಬಿದ್ದಾಗ 'ಪ್ರೌಡ್ ಆಫ್ ಯುವರ್ ಬಾಯ್' ಹಾಡಿಗೂ ಜಾಗವಿಲ್ಲದಾಯಿತು. ಅದರ ಡೆಮೊ 1994ರ ನಾಲ್ಕು ಸಿಡಿಗಳ ಸಂಪುಟದಲ್ಲಿ ಬಂತು, 2014ರಲ್ಲಿ ಹಾಡು ಬ್ರಾಡ್‌ವೇ ರಂಗವನ್ನೂ ಏರಿತು. ಹುಡುಕುವವರು ಮೊದಲು ವಿಶೇಷ ಆವೃತ್ತಿಯ ಸಿಡಿ, ಡಿವಿಡಿಯ ಹೆಚ್ಚುವರಿ ಭಾಗ, ನಾಟಕರೂಪದ ಧ್ವನಿಮುದ್ರಿಕೆ ಇವಿಷ್ಟನ್ನು ನೋಡಲಿ. ಆರಂಭದಲ್ಲೇ ಬಿಟ್ಟ ಹಾಡು ಸಾಮಾನ್ಯವಾಗಿ ಪಿಯಾನೊ ಮತ್ತು ರಚನೆಕಾರರ ದನಿಯಲ್ಲಷ್ಟೇ ಇರುತ್ತದೆ. ಅಂಥದ್ದು ಪೂರ್ಣ ವಾದ್ಯವೃಂದದೊಂದಿಗೆ ಕೇಳಿಬಂದರೆ ಅನುಮಾನಿಸಬೇಕು.

ಚಿತ್ರದಲ್ಲಿದ್ದೂ ಆಲ್ಬಂ ಸೇರದ ಹಾಡುಗಳ ಪಾಡು ಬೇರೆ. ಅವನ್ನು ಡಿವಿಡಿಯಿಂದಲೇ ತೆಗೆಯಬೇಕು, ಅಲ್ಲಿಯೇ ಹೆಚ್ಚಿನ ತಪ್ಪುಗಳಾಗುವುದು. ನಮ್ಮಲ್ಲಿ ಮಾರಾಟವಾದ ಹಲವು ಡಿವಿಡಿಗಳು 'ಪಾಲ್' ಎಂಬ ಟಿವಿ ಪದ್ಧತಿಯವು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಅವುಗಳಲ್ಲಿ 25ರ ವೇಗಕ್ಕೆ ಏರಿಸಿರುತ್ತಾರೆ. 250 ಸೆಕೆಂಡಿನ ಹಾಡು 240ಕ್ಕೆ ಮುಗಿಯುತ್ತದೆ. ಶ್ರುತಿಯೂ ಏರುತ್ತದೆ, ಹಾರ್ಮೋನಿಯಂನ ಒಂದು ಕೀಲಿಯಿಂದ (ಕಪ್ಪು ಕೀಲಿಗಳನ್ನೂ ಎಣಿಸಿ) ಪಕ್ಕದ ಕೀಲಿಗಿರುವ ಅಂತರದ ಶೇ 70ರಷ್ಟು. ಗಾಯಕಿಯ ದನಿ ತೆಳ್ಳಗೆ, ಎಳೆಯದಾಗಿ ಕೇಳುವುದು ಇದರಿಂದಲೇ. ಸರಿಪಡಿಸಲು ವೇಗವನ್ನು ಶೇ 96ಕ್ಕೆ ಇಳಿಸಬೇಕು. ಸಂಪಾದನೆಯ ತಂತ್ರಾಂಶದಲ್ಲಿ 'ಟೆಂಪೊ' ಬದಲಿಸಿದರೆ ಅವಧಿ ಸರಿಹೋದರೂ ಶ್ರುತಿ ಏರಿಯೇ ಇರುತ್ತದೆ, 'ಸ್ಪೀಡ್' ಬದಲಿಸಬೇಕು. ಕೆಲವು ಡಿಸ್ಕುಗಳಲ್ಲಿ ಶ್ರುತಿಯನ್ನು ಮೊದಲೇ ತಿದ್ದಿರುವುದುಂಟು. ಆದ್ದರಿಂದ ಅದೇ ಚಿತ್ರದ, ಸಿಡಿಯಲ್ಲಿರುವ ಇನ್ನೊಂದು ಹಾಡಿನೊಂದಿಗೆ ಹೋಲಿಸಿಯೇ ಮುಂದುವರಿಯಿರಿ.

ಹಾಡಿನ ಮಧ್ಯೆ ಬರುವ ಮಾತು ತೆಗೆಯಲು, 5.1 ಧ್ವನಿಯ (ಆರು ಚಾನೆಲ್‌ಗಳ ಧ್ವನಿ) ನಡುವಿನ ಚಾನೆಲನ್ನು ಅಳಿಸುವವರಿದ್ದಾರೆ. ಸಂಭಾಷಣೆ ಇರುವುದು ಅಲ್ಲೇ ನಿಜ, ಆದರೆ ಮುಖ್ಯ ಗಾಯಕರ ದನಿಯೂ ಹಲವು ಬಾರಿ ಅಲ್ಲೇ ಇರುತ್ತದೆ. ಅಳಿಸಿದರೆ ದೂರದ ಪ್ರತಿಧ್ವನಿಯಷ್ಟೇ ಉಳಿಯುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಇದಕ್ಕಿಂತ ಮೇಲು, ಆದರೆ ತಾಳದ ಝಣಕು ನೀರಿನಲ್ಲಿ ಮುಳುಗಿದಂತೆ ಕೇಳುತ್ತದೆ, ಪದಗಳ ಕೊನೆಯ ಅನುರಣನ ಕತ್ತರಿಸಿಹೋಗುತ್ತದೆ. ಹೀಗೆ ಮಾಡಿದ್ದನ್ನು ಸ್ಟುಡಿಯೊದ ಮೂಲಪ್ರತಿ ಎಂದು ಹಂಚುವುದು ಹಾಡು ಕಟ್ಟಿದವರಿಗೆ ಮಾಡುವ ಅನ್ಯಾಯ.

ಫೈಲಿನ ಗುಣಮಟ್ಟ ಪರೀಕ್ಷಿಸಲು ಸ್ಪೆಕ್ಟ್ರೋಗ್ರಾಂ (ಧ್ವನಿಯಲ್ಲಿರುವ ಆವರ್ತನಗಳನ್ನು ತೋರಿಸುವ ಚಿತ್ರ) ತೆರೆದು ನೋಡಿ. ಎಲ್ಲವೂ 16 ಕಿಲೋಹರ್ಟ್ಜ್ ಸುತ್ತ ಗೆರೆ ಎಳೆದಂತೆ ನಿಂತಿದ್ದರೆ, ಅದು ಒಮ್ಮೆ 128 ಕೆಬಿಪಿಎಸ್‌ನ ಎಂಪಿ3 ಆಗಿದ್ದಿರುವ ಸಾಧ್ಯತೆ ಹೆಚ್ಚು. ಬಳಿಕ ಗುಣಮಟ್ಟ ಕುಂದಿಸದ ವೇವ್ ಅಥವಾ ಫ್ಲ್ಯಾಕ್ ಫೈಲಾಗಿ ಉಳಿಸಿದರೂ ಹೋದದ್ದು ಬರುವುದಿಲ್ಲ.

ಹಂಚುವವರು ಯಾವ ಡಿಸ್ಕ್, ಯಾವ ವರ್ಷದ ಆವೃತ್ತಿ, ವೇಗ ತಿದ್ದಿದ್ದೀರಾ, ಮಾತು ಅಳಿಸಿದ್ದೀರಾ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಇಂಥ ಹಾಡುಗಳ ಸುದ್ದಿ ಪ್ರಕಟಿಸುವಾಗ ತಮ್ಮ ಸಿನಿಮಾ ಪುಟವೂ ಈ ವಿವರ ಕೊಡಲಿ ಎಂದು ಕೋರುತ್ತೇವೆ.

– ಚಿತ್ರಸಂಗೀತ ಸಂಗ್ರಾಹಕರು, ಮೈಸೂರು